ಫೈಂಡ್ ಹುಡುಕಿದ್ದನ್ನು ಆರ್‌ಎಂ ಕೈಗೆ ಕೊಡುವ ಮುಂಚೆ

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಮ್ಮದು ಮದುವೆ ಕಾರ್ಡ್ ಪ್ರೆಸ್ ಸಾರ್. ಉಬುಂಟು ಕಂಪ್ಯೂಟರಿನಲ್ಲಿ ಟಿಎಂಪಿ (ತಾತ್ಕಾಲಿಕ) ಫೈಲುಗಳು ರಾಶಿ ಬಿದ್ದಿವೆ. ಒಂದು ವಿಡಿಯೊದಲ್ಲಿ ಈ ಕಮಾಂಡ್ ಹೇಳಿಕೊಟ್ಟರು: ಫೈಂಡ್ . -ನೇಮ್ '*.ಟಿಎಂಪಿ' | ಎಕ್ಸ್‌ಆರ್ಗ್ಸ್ ಆರ್‌ಎಂ -ಆರ್‌ಎಫ್. ಹೊಡೆಯಲಾ?

ಉತ್ತರ: ದಯವಿಟ್ಟು ಬೇಡ. ಫೈಂಡ್ (find) ಫೈಲು ಹುಡುಕುತ್ತದೆ, ಎಕ್ಸ್‌ಆರ್ಗ್ಸ್ (xargs) ಸಿಕ್ಕ ಹೆಸರುಗಳನ್ನು ಮುಂದಿನ ಕಮಾಂಡಿಗೆ ದಾಟಿಸುತ್ತದೆ, ಆರ್‌ಎಂ (rm) ಅಳಿಸುತ್ತದೆ. -ಆರ್‌ಎಫ್ (-rf) ಅಂದರೆ ಫೋಲ್ಡರಾದರೂ ಒಳಗಿರುವುದರ ಸಮೇತ, ಏನೂ ಕೇಳದೆ ಅಳಿಸು ಅಂತ. ಇದೇ ಸಾಲನ್ನು ಎಷ್ಟೋ ಜನ ಕಳಿಸಿ ಕೇಳ್ತಾರೆ. ಅದರಲ್ಲಿ ಅರ್ಧ ಜನ ಹೊಡೆದಾದ ಮೇಲೆ ಕೇಳ್ತಾರೆ. ನನಗೆ ಸಿಟ್ಟು ಬರುವುದು ಅವರ ಮೇಲಲ್ಲ, ಇದನ್ನು ಕಲಿಸುವವರ ಮೇಲೆ.

ನಿಮ್ಮ ಡಿಸೈನುಗಳೆಲ್ಲ 'ಆಮಂತ್ರಣ' ಅನ್ನೋ ಫೋಲ್ಡರಿನಲ್ಲಿವೆ ಅಂದುಕೊಳ್ಳಿ. ಪಕ್ಕದಲ್ಲೇ 'ಆಮಂತ್ರಣ ಹಳೇದು.ಟಿಎಂಪಿ' ಅಂತ ಒಂದು ಫೈಲಿದೆ. ನಡುವೆ ಒಂದು ಸ್ಪೇಸ್. ಫೈಂಡ್ ಅದನ್ನು ಸರಿಯಾಗೇ ಹುಡುಕುತ್ತದೆ. ಆದರೆ ಎಕ್ಸ್‌ಆರ್ಗ್ಸ್ ಸ್ಪೇಸ್ ಕಂಡಲ್ಲಿ ಹೆಸರನ್ನು ತುಂಡು ಮಾಡುತ್ತದೆ. ಆರ್‌ಎಂಗೆ ಸಿಗುವುದು ಎರಡು ಹೆಸರು: './ಆಮಂತ್ರಣ' ಮತ್ತು 'ಹಳೇದು.ಟಿಎಂಪಿ'. ಮೊದಲನೆಯದು ನಿಮ್ಮ ಫೋಲ್ಡರ್. ಅದು ಹೋಯ್ತು. ಎರಡನೆಯದು ಇಲ್ಲವೇ ಇಲ್ಲ, ಆದರೆ -ಎಫ್ ಇರುವುದರಿಂದ ಆರ್‌ಎಂ ಬಾಯಿ ಬಿಡುವುದಿಲ್ಲ. ಅಳಿಸಬೇಕಿದ್ದ ಫೈಲು ಮಾತ್ರ ಅಲ್ಲೇ ಕೂತಿರುತ್ತದೆ. ಹೀಗೆ ಹೋದದ್ದು ಟ್ರ್ಯಾಶ್‌ಗೂ ಬರುವುದಿಲ್ಲ.

'ನಾನು ಹೆಸರಲ್ಲಿ ಸ್ಪೇಸ್ ಹಾಕೋದೇ ಇಲ್ಲ' ಅಂತೀರಾ? ಗಿರಾಕಿಗಳು ವಾಟ್ಸಾಪಲ್ಲಿ ಕಳಿಸಿದ ಫೈಲುಗಳ ಹೆಸರು ಒಮ್ಮೆ ನೋಡಿ. ಲಿನಕ್ಸ್‌ನಲ್ಲಿ ಹೆಸರಿನೊಳಗೆ ಕೋಟ್ ಇರಬಹುದು, ಹೊಸ ಸಾಲು ಕೂಡ ಇರಬಹುದು. ಇರಬಾರದ್ದು ಎರಡೇ: ಓರೆಗೆರೆ (/) ಮತ್ತು ನಲ್ ಬೈಟ್ (ಬೆಲೆ ಸೊನ್ನೆ ಇರುವ, ಕಣ್ಣಿಗೆ ಕಾಣದ ಅಕ್ಷರ).

ಹಾಗಾಗಿ ಮೊದಲು ಬರೀ ಹುಡುಕಿ:

ಫೈಂಡ್ . -ಟೈಪ್ ಎಫ್ -ನೇಮ್ '*.ಟಿಎಂಪಿ'

ಬಂದ ಪಟ್ಟಿಯನ್ನು ಓದಿ. ಸುಮ್ನೆ ಕಣ್ಣಾಡಿಸುವುದಲ್ಲ, ಓದಬೇಕು. ವರ್ಷಗಳ ಹಿಂದೆ ನಾನು ಓದದೆ ಎಂಟರ್ ಒತ್ತಿದ್ದೆ. ಒಂದು ಆಫೀಸಿನ ಸರ್ವರ್ ಅದು. ಬೆಳಗಿನ ತನಕ ಕೂತು ಬ್ಯಾಕಪ್‌ನಿಂದ ಫೈಲು ವಾಪಸ್ ತರಬೇಕಾಯ್ತು. ಇವತ್ತಿಗೂ ಪಟ್ಟಿ ನೋಡದೆ ಒಂದು ಫೈಲನ್ನೂ ಅಳಿಸುವುದಿಲ್ಲ.

ಪಟ್ಟಿ ಸರಿಯಿದ್ದರೆ ಅದೇ ಸಾಲಿನ ಕೊನೆಗೆ ಇದನ್ನು ಸೇರಿಸಿ:

-ಎಕ್ಸೆಕ್ ಆರ್‌ಎಂ {} +

ಈಗ ಫೈಂಡ್ ತಾನೇ ಇಡೀ ಇಡೀ ಹೆಸರನ್ನು ಆರ್‌ಎಂಗೆ ಕೊಡುತ್ತದೆ. ನಡುವೆ ತುಂಡು ಮಾಡುವವರು ಯಾರೂ ಇಲ್ಲ. -ಟೈಪ್ ಎಫ್ ಇರುವುದರಿಂದ ಫೋಲ್ಡರ್ ತಂಟೆಗೆ ಹೋಗುವುದಿಲ್ಲ. -ಆರ್‌ಎಫ್ ಬೇಕಾಗಿಯೇ ಇಲ್ಲ. ಮನಸ್ಸಿಗೆ ಧೈರ್ಯ ಸಾಲದಿದ್ದರೆ -ಓಕೆ ಆರ್‌ಎಂ {} \; ಬಳಸಿ. ಒಂದೊಂದು ಫೈಲಿಗೂ ಕೇಳಿಯೇ ಅಳಿಸುತ್ತದೆ. ಇಪ್ಪತ್ತು ಮೂವತ್ತು ಫೈಲಿದ್ದರೆ ನಾನು ಈಗಲೂ ಇದನ್ನೇ ಬಳಸುವುದು.

ಎಕ್ಸ್‌ಆರ್ಗ್ಸ್ ಬೇಕೇಬೇಕು ಅನ್ನುವವರು ಫೈಂಡ್ ಕೊನೆಗೆ -ಪ್ರಿಂಟ್0, ಎಕ್ಸ್‌ಆರ್ಗ್ಸ್‌ಗೆ -0 ಹಾಕಿ. ಎರಡೂ ಜೊತೆಗಿರಬೇಕು. ಆಗ ನಲ್ ಬೈಟ್ ಬಂದಲ್ಲಿ ಮಾತ್ರ ಹೆಸರು ಮುಗಿಯುತ್ತದೆ.

ಪ್ರಶ್ನೆ: ಎಕ್ಸೆಕ್ ನಿಧಾನ ಅಂತಾರಲ್ಲ?

ಉತ್ತರ: ಕೊನೆಗೆ \; ಹಾಕಿದರೆ ಹೌದು, 5,000 ಫೈಲಿಗೆ 5,000 ಸಲ ಆರ್‌ಎಂ ಓಡುತ್ತದೆ. + ಹಾಕಿದರೆ ಗುಂಪು ಗುಂಪಾಗಿ ಕೊಡುತ್ತದೆ. ಜಿಎನ್‌ಯು ಫೈಂಡ್‌ಗೆ ಇದು 2005ರಲ್ಲೇ ಬಂದಿದೆ. ಇನ್ನೂ ಹಳೇ ಪಾಠ ಒಪ್ಪಿಸುವುದನ್ನು ನಿಲ್ಲಿಸಿ.

ಪ್ರಶ್ನೆ: ಫೈಂಡ್ ತಾನೇ ಅಳಿಸೋ ಹಾಗೆ ಮಾಡುವ -ಡಿಲೀಟ್ ಎಲ್ಲಿ ಹಾಕಬೇಕು?

ಉತ್ತರ: ಕೊನೆಯಲ್ಲೇ. ಫೈಂಡ್ ಎಡದಿಂದ ಬಲಕ್ಕೆ ನೋಡುತ್ತದೆ. -ನೇಮ್‌ಗಿಂತ ಮುಂಚೆ -ಡಿಲೀಟ್ ಬಂದರೆ ಹೆಸರು ನೋಡದೆ ಎಲ್ಲವನ್ನೂ ಅಳಿಸುತ್ತದೆ.

ಪ್ರಶ್ನೆ: ಪರ್ಮಿಷನ್ ತೊಂದರೆ ಇದ್ರೆ ಫೈಂಡ್ ಹಾಕಿ ಎಲ್ಲ ಫೈಲಿಗೂ 777 ಕೊಡಿ ಅಂದ್ರು ರಿಪೇರಿಯವರು. ಕೊಡಬಹುದಾ?

ಉತ್ತರ: ಕೊಡಬೇಡಿ. 777 ಅಂದರೆ ಆ ಕಂಪ್ಯೂಟರಿನ ಯಾವ ಬಳಕೆದಾರನಾದರೂ ಫೈಲನ್ನು ಓದಬಹುದು, ತಿದ್ದಬಹುದು, ಓಡಿಸಬಹುದು ಅಂತ. ಆ ರಿಪೇರಿಯವರ ಕೈಗೆ ಪಾಸ್‌ವರ್ಡನ್ನೂ ಕೊಡಬೇಡಿ.