ರಾಡ್ ಸ್ಟೀವರ್ಟ್ ಬೇರೆಯವರ ಹಾಡು ಹಾಡಿಯೇ ದೊಡ್ಡವನಾದನಾ?

ರಾಡ್ ಸ್ಟೀವರ್ಟ್ ಹಾಡಿದ್ದರಲ್ಲಿ ಎಷ್ಟೋ ಬೇರೆಯವರ ಹಾಡುಗಳು, ಹಾಗಿದ್ದ ಮೇಲೆ ಇಷ್ಟು ವರ್ಷ ಚಾರ್ಟಿನಲ್ಲಿ (ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ) ಹೇಗೆ ಉಳಿದ, ಅವನನ್ನು ಒಳ್ಳೆಯ ರಾಕ್ ಹಾಡುಗಾರ ಅಂತ ಯಾಕೆ ಹೇಳಬೇಕು ಅಂತ ಕೇಳಿದ್ದೀರಿ. ಹಾಸ್ಟೆಲಿನಲ್ಲಿ ಪಕ್ಕದ ರೂಮಿನವನ ಕ್ಯಾಸೆಟ್ಟಿನಿಂದ ಶುರುವಾಗಿ ಇವತ್ತಿನವರೆಗೂ ನಾನು ಬಿಡದೆ ಕೇಳಿದ ಗಂಟಲು ಅದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೇರೆಯವರ ಹಾಡು ಹಾಡಿದ್ದಾನೆ, ನಿಜ. ಅದು ತಪ್ಪೇನಲ್ಲ. ನಮ್ಮ ಸುಗಮ ಸಂಗೀತದವರೂ ಕವಿಗಳ ಹಾಡನ್ನೇ ಹಾಡುತ್ತಾರೆ ಅಲ್ವಾ? ಆದರೆ ಅವನನ್ನು ಮೇಲೆತ್ತಿದ್ದು ಅವನೇ ಸೇರಿ ಬರೆದ ಹಾಡು.

1945ರಲ್ಲಿ ಲಂಡನ್ನಿನ ಹೈಗೇಟಿನಲ್ಲಿ ಹುಟ್ಟಿದ. ಅಪ್ಪ ಸ್ಕಾಟ್ಲೆಂಡಿನವರು. ಗಿಟಾರ್ ನುಡಿಸುವ ಜೆಫ್ ಬೆಕ್‌ನ ಗ್ರೂಪಿನಲ್ಲಿ ಹಾಡಿದ, 1969ರಲ್ಲಿ ಗೆಳೆಯ ರಾನ್ ವುಡ್ ಜೊತೆ ಹೊರಟು ಫೇಸಸ್ ಬ್ಯಾಂಡ್ ಸೇರಿದ. ಒಂದು ಕಡೆ ಬ್ಯಾಂಡು, ಇನ್ನೊಂದು ಕಡೆ ಬೇರೆ ಕಂಪನಿಗೆ ಸ್ವಂತ ಆಲ್ಬಂಗಳು. ಎರಡೂ ಒಟ್ಟಿಗೇ ನಡೆದವು.

1971ರ 'ಎವ್ರಿ ಪಿಕ್ಚರ್ ಟೆಲ್ಸ್ ಎ ಸ್ಟೋರಿ' ಅನ್ನೋ ಆಲ್ಬಂನಲ್ಲಿ 'ಮ್ಯಾಗಿ ಮೇ' ಇದೆ. ಗಿಟಾರ್ ನುಡಿಸುವ ಮಾರ್ಟಿನ್ ಕ್ವಿಟೆಂಟನ್ ಜೊತೆ ಸೇರಿ ಬರೆದದ್ದು. ತನಗಿಂತ ದೊಡ್ಡ ಹೆಂಗಸಿನ ಕೈಗೆ ಸಿಕ್ಕ ಹುಡುಗನ ಕಥೆ. ಪಲ್ಲವಿಯೇ ಇಲ್ಲ, ಒಂದರ ಹಿಂದೆ ಒಂದು ಚರಣ, ಅಷ್ಟೇ. ಇದು ಹಿಟ್ ಆಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಟಿಮ್ ಹಾರ್ಡಿನ್ ಬರೆದ 'ರೀಸನ್ ಟು ಬಿಲೀವ್' ಹಾಡನ್ನು ಎರಡು ಹಾಡಿನ ಸಣ್ಣ ತಟ್ಟೆಯ, ಅಂದರೆ ಸಿಂಗಲ್‌ನ ಮುಂದಿನ ಮಗ್ಗುಲಿಗೆ ಹಾಕಿ, ಇದನ್ನು ಹಿಂದಿನ ಮಗ್ಗುಲಿಗೆ ತಳ್ಳಿದರು. ರೇಡಿಯೋದವರು ತಟ್ಟೆ ತಿರುಗಿಸಿ ಹಾಕತೊಡಗಿದರು. ಆ ಅಕ್ಟೋಬರಿನಲ್ಲಿ ಹಾಡೂ ಆಲ್ಬಮ್ಮೂ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಒಂದೇ ಹೊತ್ತಿಗೆ ಮೊದಲ ಸ್ಥಾನದಲ್ಲಿದ್ದವು. ಹಾಡು ಎರಡೂ ದೇಶದಲ್ಲಿ ಐದೈದು ವಾರ ಅಲ್ಲೇ ಕೂತಿತ್ತು.

ಇಯರ್‌ಫೋನ್ ಹಾಕಿಕೊಂಡು ಅದರ ಡ್ರಮ್ಸ್ ಮೇಲೆ ಕಿವಿ ಇಡಿ. ಡ್ರಮ್ಸ್ ಬಾರಿಸುವ ಮಿಕಿ ವಾಲರ್ ರೆಕಾರ್ಡಿಂಗಿಗೆ ಬಂದಾಗ ತಾಳದಂಥ ಲೋಹದ ತಟ್ಟೆಗಳು, ಅಂದರೆ ಸಿಂಬಲ್‌ಗಳೇ ಇರಲಿಲ್ಲ. ಸರಿ, ಬರೀ ಡ್ರಮ್ಸ್ ಬಾರಿಸಿ ಮುಗಿಸಿದರು, ಸಿಂಬಲ್ ಏಟುಗಳನ್ನು ಆಮೇಲೆ ಬೇರೆ ದಿನ ಸೇರಿಸಿದರು. ಗೊತ್ತಾದ ಮೇಲೆ ಕೇಳಿದರೆ ಆ ಏಟುಗಳು ಸ್ವಲ್ಪ ದೂರದಿಂದ ಬಂದ ಹಾಗೆ ನನಗೆ ಅನಿಸುತ್ತೆ. ಕೊನೆಯಲ್ಲಿ ಮ್ಯಾಂಡೊಲಿನ್ ಬರುತ್ತೆ. ಹಾಡು ಮುಗೀತು ಅನ್ನುವಾಗ ಅದು ಸಣ್ಣಗೆ ಎದ್ದು ಎಲ್ಲವನ್ನೂ ತಿಳಿಯಾಗಿಸುತ್ತೆ. ನುಡಿಸಿದ್ದು ಲಿಂಡಿಸ್ಫಾರ್ನ್ ಬ್ಯಾಂಡಿನ ರೇ ಜ್ಯಾಕ್ಸನ್. ಆಲ್ಬಂ ಕವರಿನ ಮೇಲೆ ಅವನ ಹೆಸರೇ ಇಲ್ಲ, ಆ ಬ್ಯಾಂಡಿನ ಮ್ಯಾಂಡೊಲಿನ್‌ನವನು, ಹೆಸರು ನೆನಪಾಗ್ತಿಲ್ಲ ಅನ್ನೋ ಅರ್ಥದ ಒಂದು ಸಾಲು ಇದೆ. ಇದು ನನಗೆ ಈಗಲೂ ಬೇಸರದ ವಿಷಯ. ಆ ಕೊನೆಯ ನಿಮಿಷವಿಲ್ಲದೆ ಆ ಹಾಡು ಪೂರ್ತಿ ಆಗೋದಿಲ್ಲ.

ಮುಂದಿನ ವರ್ಷ 'ಯು ವೇರ್ ಇಟ್ ವೆಲ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1975ರಲ್ಲಿ ಅಮೆರಿಕಕ್ಕೆ ಹೋದ, 'ಸೇಲಿಂಗ್' ಬಂತು. ಅದು ಗ್ಯಾವಿನ್ ಸದರ್‌ಲ್ಯಾಂಡ್ ಬರೆದದ್ದು. ಬ್ರಿಟನ್ನಿನಲ್ಲಿ ನಾಲ್ಕು ವಾರ ನಂಬರ್ ಒನ್. ಮರುವರ್ಷ ಬಿಬಿಸಿಯವರು ಆರ್ಕ್ ರಾಯಲ್ ಅನ್ನೋ ಯುದ್ಧನೌಕೆಯ ಬಗ್ಗೆ ಮಾಡಿದ ಸರಣಿಗೆ ಬಳಸಿದ್ದರಿಂದ ಮತ್ತೆ ಮೂರನೇ ಸ್ಥಾನಕ್ಕೆ ಬಂತು. ಅಮೆರಿಕದಲ್ಲಿ ಮಾತ್ರ ಅದಕ್ಕೆ ಅಷ್ಟು ಬೆಲೆ ಸಿಗಲಿಲ್ಲ. ಅಲ್ಲಿ ಅವನ ಅತಿ ದೊಡ್ಡ ಹಿಟ್ 1976ರ 'ಟುನೈಟ್ಸ್ ದ ನೈಟ್', ಎಂಟು ವಾರ ಮೇಲೆ. ಅದು ಅವನೇ ಬರೆದದ್ದು.

ಜನ ಜಾಸ್ತಿ ಬೈದದ್ದು 1978ರ ಡಿಸ್ಕೋ ಹಾಡಿಗೆ, 'ಡಾ ಯಾ ಥಿಂಕ್ ಐಯಾಮ್ ಸೆಕ್ಸಿ'. ಎರಡೂ ದೇಶದಲ್ಲಿ ನಂಬರ್ ಒನ್. ಅದರ ರಾಗ ಬ್ರೆಜಿಲ್‌ನ ಜಾರ್ಜ್ ಬೆನ್ ಅವರ ಹಾಡಿನದು, ಆ ಹಾಡಿನ ಹೆಸರು 'ತಾಜ್ ಮಹಲ್'! ಗೊತ್ತಿಲ್ಲದೆ ತಲೆಯಲ್ಲಿ ಉಳಿದು ಬಂದುಬಿಟ್ಟಿತು ಅಂತ ರಾಡ್ 2012ರಲ್ಲಿ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಹಾಡಿನ ಗಳಿಕೆ ಯುನಿಸೆಫ್‌ಗೆ ಹೋಯಿತು. ನನಗೆ ಆ ಹಾಡು ಇಷ್ಟವಿಲ್ಲ. ಗಂಟಲು ಅದೇ, ಆದರೆ ಕಥೆ ಹೇಳುವ ಹುಡುಗ ಅಲ್ಲಿಲ್ಲ.

1983ರ 'ಬೇಬಿ ಜೇನ್' ಬ್ರಿಟನ್ನಿನಲ್ಲಿ ಅವನ ಆರನೆಯ ಮತ್ತು ಕೊನೆಯ ನಂಬರ್ ಒನ್ ಸಿಂಗಲ್. 2000ದಲ್ಲಿ ಥೈರಾಯ್ಡ್ ಕ್ಯಾನ್ಸರ್ ಆಯಿತು. ಆಪರೇಷನ್ ಆದ ಮೇಲೆ ಹಾಡೋದನ್ನು ಮತ್ತೆ ಕಲಿಯಬೇಕಾಯಿತು. ಎರಡೇ ವರ್ಷಕ್ಕೆ ಅಮೆರಿಕದ ಹಳೆಯ ಹಾಡುಗಳ ಆಲ್ಬಂ ಸರಣಿ ಶುರು ಮಾಡಿದ. 2004ರಲ್ಲಿ ಬಂದ ಮೂರನೆಯದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, 1979ರ ನಂತರ ಅಲ್ಲಿ ಅದೇ ಮೊದಲು. ಅವನ ಮೊದಲ ಗ್ರ್ಯಾಮಿಯೂ ಅದಕ್ಕೇ ಬಂತು. ನೀವು ಹೇಳುವ 'ಬೇರೆಯವರ ಹಾಡು' ಅನ್ನೋ ಹೆಸರು ಗಟ್ಟಿಯಾದದ್ದು ಈ ಸರಣಿಯಿಂದ ಅಂತ ನನ್ನ ಅಂದಾಜು.

ಆತ್ಮಕಥೆ ಬರೆಯುತ್ತಾ ಹಳೆಯದೆಲ್ಲ ನೆನಪಾಗಿ ಮತ್ತೆ ಹಾಡು ಬರೆಯೋಕೆ ಕೂತ. 2013ರ 'ಟೈಮ್' ಬಂದದ್ದು ಹಾಗೆ. ಅದರಲ್ಲಿ ಹೆಚ್ಚಿನ ಹಾಡುಗಳು ಅವನೇ ಸೇರಿ ಬರೆದವು. ಬ್ರಿಟನ್ನಿನ ಆಲ್ಬಂ ಚಾರ್ಟಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಆದ ಮೇಲೆ ಮತ್ತೆ ನಂಬರ್ ಒನ್ ಆದದ್ದು ಈ ಆಲ್ಬಮ್ಮಿನಿಂದಲೇ.

ನೀವು 1971ರ ಆಲ್ಬಂ ಒಮ್ಮೆ ಪೂರ್ತಿ ಕೇಳಿ, ಒಂದೂ ಹಾಡು ಬಿಡದೆ. ಅದರಲ್ಲೂ ಬೇರೆಯವರ ಹಾಡುಗಳಿವೆ. 'ಮ್ಯಾಗಿ ಮೇ' ಆದ ತಕ್ಷಣ ಬರುವ 'ಮ್ಯಾಂಡೊಲಿನ್ ವಿಂಡ್' ಮಾತ್ರ ರಾಡ್ ಒಬ್ಬನೇ ಬರೆದದ್ದು. ಅದನ್ನು ರಾತ್ರಿ ಹೊತ್ತು, ಲೈಟು ಆರಿಸಿ ಕೇಳಿ.