ಹುರುಳಿಕಾಯಿ ಗಿಡದ ಹೂವೆಲ್ಲ ಉದುರುತ್ತಿದೆ, ಉಳಿದ ಕಾಯಿಯಲ್ಲಿ ಬೀಜವಿಲ್ಲ. ಬ್ರಷ್‌ನಿಂದ ಪರಾಗಸ್ಪರ್ಶ ಮಾಡಲಾ? ಯಾವ ಗೊಬ್ಬರ ಹಾಕಲಿ?

ಎರಡೂ ಬೇಡ. ಮೊದಲು ಬ್ರಷ್ ಕೆಳಗಿಡಿ. ನೀವು ಹೇಳುತ್ತಿರುವುದನ್ನೇ ನಾನೂ ಅನುಭವಿಸಿ, ಒಂದು ಇಡೀ ಬೆಳೆ ಕಳೆದುಕೊಂಡಿದ್ದೇನೆ.

ನನ್ನ ಗಿಡಗಳು ಬಿಸಿಲಿಗೆ ಕಾಯುವ ಗೋಡೆಯ ಪಕ್ಕ ಇದ್ದವು. ಮೊಗ್ಗು ಇನ್ನೂ ಸಾಸಿವೆಯಷ್ಟಿದ್ದಾಗ ಒಂದು ವಾರ ವಿಪರೀತ ಸೆಕೆ. ಹಗಲು 36 ಡಿಗ್ರಿ, ರಾತ್ರಿಯೂ 25ಕ್ಕಿಂತ ಕೆಳಗಿಳಿಯಲಿಲ್ಲ. ಆಮೇಲೆ ಮೋಡ ಕವಿದು ತಂಪಾಯಿತು. ಹೂವು ಅರಳಿದ್ದು ಆ ತಂಪಿನಲ್ಲಿ, ಉದುರಿದ್ದೂ ಆ ತಂಪಿನಲ್ಲೇ. ‘ಇಷ್ಟು ತಂಪಿದೆಯಲ್ಲ, ಸೆಕೆಯಿಂದ ಅಲ್ಲ, ಗಿಡಕ್ಕೆ ಶಕ್ತಿ ಸಾಲದು’ ಅಂದುಕೊಂಡು ಯೂರಿಯಾ ಹಾಕಿಬಿಟ್ಟೆ.

ತಪ್ಪಿದ್ದು ಇಲ್ಲೇ. ಹೂವು ಉದುರಿದ ದಿನವನ್ನು ನೋಡಿದೆ, ಹೂವು ಕೆಟ್ಟ ದಿನವನ್ನು ನೋಡಲಿಲ್ಲ. ಹುರುಳಿಕಾಯಿಯ ಪರಾಗ ತಯಾರಾಗುವುದು ಹೂವು ಅರಳುವುದಕ್ಕೆ ಸುಮಾರು 9ರಿಂದ 12 ದಿನ ಮೊದಲು, ಆ ಪುಟ್ಟ ಮೊಗ್ಗಿನೊಳಗೆ. ಪರಾಗಕ್ಕೆ ಆಹಾರ ಕೊಡುವ ಒಳಪದರ ಆಗ ಸೆಕೆಗೆ ಸಿಕ್ಕಿದರೆ ಹಾಳಾಗುತ್ತದೆ. ಪರಾಗ ಜೊಳ್ಳಾಗುತ್ತದೆ, ಪರಾಗದ ಚೀಲ ಸರಿಯಾಗಿ ಒಡೆಯುವುದೂ ಇಲ್ಲ. ಆದರೆ ಹೂವು ಮಾತ್ರ ಹೊತ್ತಿಗೆ ಸರಿಯಾಗಿ ಅರಳುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ. ಅರಳಿದ ಮೇಲೆ ನಾವು ಏನು ಸುರಿದರೂ ಆ ಪರಾಗಕ್ಕೆ ಜೀವ ಬರಲ್ಲ.

ಯೂರಿಯಾದಿಂದ ಎಲೆ, ಚಿಗುರು ಜಾಸ್ತಿಯಾಯಿತು, ಮುಂದಿನ ಹೂವು ತಡವಾಯಿತು. ಗೊಬ್ಬರ ತಲುಪದ ಮೂಲೆಯ ಒಂದೇ ಗಿಡ ಮತ್ತೆ ಹೂ ಬಿಟ್ಟು ಕಾಯಿ ಕಚ್ಚಿತು. ಅದನ್ನು ನೋಡಿದಾಗ ತುಂಬಾ ಸಂಕಟವಾಯಿತು.

ಇನ್ನು ಬ್ರಷ್ ವಿಷಯ. ಹುರುಳಿಕಾಯಿ ಹೂವು ಅರಳುವ ಹೊತ್ತಿಗಾಗಲೇ ಅದರ ಪರಾಗ ಅದರದೇ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಅಂಟಿರುತ್ತದೆ. ನೀವು ಕೈ ಹಾಕಿದರೆ ತೊಟ್ಟು ಮುರಿಯುತ್ತದೆ, ಅಷ್ಟೇ. ನಿಮ್ಮದು ಕೆಂಪು ಹೂವಿನ ರನ್ನರ್ ಬೀನ್ಸ್ ಆಗಿದ್ದರೆ ಮಾತು ಬೇರೆ, ಅದಕ್ಕೆ ಜೇನುನೊಣ ಬೇಕು.

ಒಂದು ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ತುದಿಯಲ್ಲಿ ಬೀಜ ತುಂಬಿ, ತೊಟ್ಟಿನ ಕಡೆ ಜೊಳ್ಳಾಗಿದೆಯಾ? ನನ್ನದು ಹಾಗೇ ಇತ್ತು. ಮೊದಲು ಫಲವಾಗುವುದು ತುದಿಯ ಕಡೆಯವು. ಪರಾಗವೋ ನೀರೋ ಸಾಲದಿದ್ದಾಗ ಗಿಡ ಮೊದಲು ಕೈಬಿಡುವುದು ತೊಟ್ಟಿನ ಕಡೆಯವನ್ನು.

ಗಿಡ ಕೀಳಬೇಡಿ. ಬಳ್ಳಿ ಜಾತಿಯಾದರೆ ಮತ್ತೆ ಹೂ ಬಿಡುತ್ತದೆ. ಪೊದೆ ಜಾತಿ ಸ್ವಲ್ಪ ದಿನದಲ್ಲೇ ಹೂ ಮುಗಿಸುವುದರಿಂದ ಒಂದು ವಾರದ ಸೆಕೆಯೇ ಜಾಸ್ತಿ ನಷ್ಟ ಮಾಡುತ್ತದೆ. ಮೊಗ್ಗು ಕಂಡ ದಿನದಿಂದ ಬೀಜ ತುಂಬುವ ತನಕ ಬುಡ ಒಣಗಲು ಬಿಡಬೇಡಿ. ಬುಡಕ್ಕೆ ಒಣಹುಲ್ಲು ಹಾಸಿ, ಮಧ್ಯಾಹ್ನ ನೆರಳು ಪರದೆ ಕಟ್ಟಿ. ಆರೋಗ್ಯವಾದ ಗಿಡವೂ ಅರ್ಧದಷ್ಟು ಹೂವು ಉದುರಿಸುತ್ತದೆ, ಅದಕ್ಕೆ ಗಾಬರಿ ಬೇಡ.

ನಿಮ್ಮಲ್ಲಿ ಹೂವು ಉದುರಲು ಶುರುವಾಗಿದ್ದು ಯಾವತ್ತು? ಅಲ್ಲಿಂದ ಹತ್ತು ಹನ್ನೆರಡು ದಿನ ಹಿಂದಕ್ಕೆ ಎಣಿಸಿ, ಆ ರಾತ್ರಿಗಳು ಎಷ್ಟು ಬಿಸಿಯಿದ್ದವು ಅಂತ ನೋಡಿ ಇಲ್ಲೇ ಬರೆಯಿರಿ.