ಹೊಲದ ಅಂಚು ಯಾರ ಪಾಲು?

ಪ್ರಶ್ನೆ: ಅಮೆರಿಕದ ಯೆಹೂದಿ ಸಭೆಗಳಲ್ಲಿ (ಒಟ್ಟಾಗಿ ಪ್ರಾರ್ಥಿಸುವ ಸಮುದಾಯಗಳಲ್ಲಿ) ಸಾಮಾಜಿಕ ನ್ಯಾಯಕ್ಕೊಂದು, ಪರಿಸರಕ್ಕೊಂದು ಸಮಿತಿ ಇರುತ್ತದೆಯೆಂದು ಕೇಳಿದ್ದೇನೆ. ಇದು ಕಾಲಕ್ಕೆ ತಕ್ಕಂತೆ ಸೇರಿಸಿಕೊಂಡ ಕೆಲಸವೇ ಅಥವಾ ಅವರ ಧರ್ಮಗ್ರಂಥದಲ್ಲಿಯೇ ಆಧಾರವಿದೆಯೇ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಮಿತಿಗಳು ಹೊಸವು, ಆಧಾರ ಹಳೆಯದು. ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಅಲ್ಲಿನ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದೆಂದು ಯೆಹೂದಿ ಧರ್ಮಗ್ರಂಥದ ಭಾಗವಾದ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯ ವಿಧಿಸುತ್ತದೆ. ಯುದ್ಧಕಾಲದ ಈ ಕಟ್ಟಳೆಯನ್ನು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ‘ಬಾಲ್ ತಶ್ಖೀತ್’, ಅಂದರೆ ಹಾಳುಮಾಡದಿರುವ ನಿಯಮವೆಂದು ಮನೆಯೊಳಗಿನ ಬದುಕಿಗೂ ಅನ್ವಯಿಸಿದರು. ಎಣ್ಣೆ ಬೇಗ ಉರಿದುಹೋಗುವಂತೆ ದೀಪವನ್ನು ಮುಚ್ಚಿಡುವುದೂ ತಪ್ಪೆಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ; 12ನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೋನಿಡೀಸ್ ಪಾತ್ರೆ ಒಡೆಯುವುದು, ಬಟ್ಟೆ ಹರಿಯುವುದು, ನೀರಿನ ಬುಗ್ಗೆಯನ್ನು ಮುಚ್ಚುವುದು, ಆಹಾರ ಕೆಡಿಸುವುದು ಇವೆಲ್ಲವನ್ನೂ ಅದೇ ಸಾಲಿಗೆ ಸೇರಿಸಿದರು.

ಬಡವರ ವಿಷಯವೂ ನೆಲದಿಂದಲೇ ಹುಟ್ಟುತ್ತದೆ. ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಅದೇ ಧರ್ಮಗ್ರಂಥದ ಯಾಜಕಕಾಂಡ ಹೇಳಿದರೆ, ಆ ಪಾಲು ಬೆಳೆಯ ಅರವತ್ತರಲ್ಲಿ ಒಂದಕ್ಕಿಂತ ಕಡಿಮೆಯಾಗಬಾರದೆಂದು ರಬ್ಬಿಗಳ ಹಳೆಯ ನಿಯಮಸಂಗ್ರಹವಾದ ಮಿಶ್ನಾ ಲೆಕ್ಕ ಕಟ್ಟುತ್ತದೆ. ಯಾವ ಬಡವ ಕೊಯ್ದುಕೊಳ್ಳಬೇಕೆಂದು ಆರಿಸುವ ಅಧಿಕಾರವೂ ಹೊಲದ ಒಡೆಯನಿಗಿಲ್ಲ. ಆದ್ದರಿಂದ ಇದನ್ನು ದಾನವೆನ್ನುವುದಕ್ಕಿಂತ ಹಕ್ಕೆನ್ನುವುದೇ ಸರಿ. ಏಳನೆಯ ವರ್ಷವಾದ ‘ಶ್ಮಿಟಾ’ದಲ್ಲಿ ಭೂಮಿಯನ್ನು ಉಳದೆ ಬಿಡಬೇಕು, ತಾನಾಗಿ ಬೆಳೆದದ್ದನ್ನು ಬಡವರು ತಿನ್ನಬೇಕು, ಉಳಿದದ್ದು ಕಾಡುಪ್ರಾಣಿಗಳಿಗೆ ಎಂಬುದು ವಿಮೋಚನಕಾಂಡದ ಮಾತು. ನೀವು ಹೇಳಿದ ಎರಡು ಸಮಿತಿಗಳ ಕೆಲಸವೂ ಈ ಒಂದೇ ವಿಧಿಯಲ್ಲಿ ಅಡಕವಾಗಿದೆ. ಶ್ಮಿಟಾ ಕಟ್ಟುನಿಟ್ಟಾಗಿ ಅನ್ವಯಿಸುವುದು ಇಸ್ರೇಲ್ ನೆಲಕ್ಕೆ ಮಾತ್ರ. ಆದರೂ 2021-22ರಲ್ಲಿ ಅದು ಬಂದಾಗ ಅಮೆರಿಕದ ಹಲವು ಸಭೆಗಳು ಅದನ್ನು ಅಧ್ಯಯನದ ವಿಷಯವಾಗಿಸಿಕೊಂಡವು.

ಆಚರಣೆಯಲ್ಲಿ ಎಲ್ಲ ಸಭೆಗಳೂ ಒಂದೇ ತೆರನಲ್ಲ. ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ರೀಕನ್‌ಸ್ಟ್ರಕ್ಷನಿಸ್ಟ್ ಎಂಬ ಆಧುನಿಕ ಯೆಹೂದಿ ಪಂಥದ ಸಭೆಯೊಂದು 2008ರಲ್ಲಿ ಪೂರ್ಣಗೊಳಿಸಿದ ಸಿನಗಾಗ್ (ಪ್ರಾರ್ಥನಾ ಮಂದಿರ), ಹಸಿರು ಕಟ್ಟಡಗಳಿಗೆ ಸಿಗುವ ಅತ್ಯುನ್ನತ ಲೀಡ್ ಪ್ಲಾಟಿನಂ ಮನ್ನಣೆ ಪಡೆಯಿತು. ಅದರ ಹೊರಗೋಡೆಯ ಸೈಪ್ರೆಸ್ ಹಲಗೆಗಳು ಹಿಂದೆ ಅಣಬೆ ಬೆಳೆಯುವ ಕೊಠಡಿಗಳಲ್ಲಿ ಬಳಸಿದ್ದವು. ಹೀಗೆ ಕಟ್ಟಲು ಹಣವಿರಬೇಕು ಎಂಬ ಆಕ್ಷೇಪ ಸಹಜವೇ. ನನಗೆ ಅದಕ್ಕಿಂತ ಮುಖ್ಯವೆನಿಸುವುದು 1985ರಲ್ಲಿ ಆರಂಭವಾದ ಮಾಜೋನ್ ಎಂಬ ಸಂಸ್ಥೆಯ ಸರಳ ಸಲಹೆ: ಮದುವೆ, ಬಾರ್ ಮಿಟ್ಸ್ವಾ (ಹುಡುಗ 13 ವರ್ಷ ತುಂಬಿದಾಗ ಧಾರ್ಮಿಕ ಹೊಣೆ ಹೊರುವ ಆಚರಣೆ) ಇಂಥ ಸಮಾರಂಭಗಳ ಖರ್ಚಿನ ಶೇ 3ರಷ್ಟನ್ನು ಹಸಿದವರಿಗಾಗಿ ತೆಗೆದಿಡಬೇಕು. ಅಷ್ಟು ಕೊಟ್ಟ ಮೇಲೂ, ಅದೇ ಔತಣದ ಎಲೆಯಲ್ಲಿ ಉಳಿದ ಅನ್ನ ಕಸದ ತೊಟ್ಟಿಗೆ ಹೋದರೆ ಮೈಮೋನಿಡೀಸರ ಲೆಕ್ಕದಲ್ಲಿ ಅದು ತಪ್ಪೇ.